ಮೂಗಿಗೆ ಗೊತ್ತಿದ್ದ ಎಣ್ಣೆ

ನನ್ನ ಅತ್ತೆ ಸಕ್ರವ್ವ ಮೂರು ಬಗೆಯಲ್ಲಿ ಕೊಬ್ಬರಿ ಎಣ್ಣೆ ತೆಗೆಯುತ್ತಿದ್ದಳು. ಮೂರು ಬಗೆಗೂ ನನ್ನನ್ನು ಬೈಯುತ್ತಿದ್ದಳು.

ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ನಮ್ಮದು ಗಾಣಿಗರ ಮನೆ. ದೇವಿಗೆ ಒಡೆದ ಕಾಯಿಯ ಹೋಳುಗಳನ್ನು ಅತ್ತೆ ಬೆಳಿಗ್ಗೆಯೇ ಕೊಂಡು ತರುತ್ತಿದ್ದಳು. ಮಧ್ಯಾಹ್ನ ದಾಟಿದ ಹೋಳನ್ನು ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಕಾಯಿ ತುರಿದು, ನೆರಳಲ್ಲಿ ಒಣಗಿಸಿ ಗಾಣಕ್ಕೆ ಹಾಕುವುದು ಒಂದು ಬಗೆ. ಎಣ್ಣೆ ಹೆಚ್ಚು ಸಿಗುತ್ತದೆ, ಆದರೆ ಅದಕ್ಕೆ ಎತ್ತೂ ನನ್ನ ಗಂಡ ರಾಚಪ್ಪನೂ ಒಂದೇ ಹೊತ್ತಿಗೆ ಮೈಮುರಿದು ಏಳಬೇಕು. ತುರಿ ಹಿಂಡಿ, ಹಾಲು ತೆಗೆದು ಕಾಸುವುದು ಇನ್ನೊಂದು. ಅದು ಒಂದೇ ದಿನದ ಕೆಲಸ. ತಳದ ಗಸಿ ಕೆಂಪಾದ ಕೂಡಲೇ ಇಳಿಸಬೇಕು, ಕಣ್ಣಿದ್ದವರು ಯಾರಾದರೂ ಕಲಿಯಬಹುದು. ಎಣ್ಣೆಗೆ ಮಾತ್ರ ಹುರಿದ ವಾಸನೆ ಉಳಿಯುತ್ತದೆ.

ಮೂರನೆಯದಕ್ಕೆ ಎತ್ತೂ ಬೇಡ, ಬೆಂಕಿಯೂ ಬೇಡ. ಹಿಂಡಿದ ಹಾಲನ್ನು ಮಡಿಕೆಯಲ್ಲಿ ಹಾಗೇ ಬಿಡುವುದು. ನೀರು ತಳಕ್ಕೆ ಕೂತು, ಮೇಲೆ ಕೆನೆ ಕಟ್ಟಿ, ಎಣ್ಣೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ನೀರಿನಷ್ಟು ತಿಳಿ, ಆಗಷ್ಟೇ ಒಡೆದ ಕಾಯಿಯ ವಾಸನೆ. ಬೇಗ ತೆಗೆದರೆ ಎಣ್ಣೆಯೇ ಇಲ್ಲ, ತಡವಾದರೆ ಹುಳಿ. ಚಳಿಗೊಂದು ಹೊತ್ತು, ಬಿಸಿಲಿಗೊಂದು ಹೊತ್ತು. ಆ ಹೊತ್ತು ಅತ್ತೆಯ ಮೂಗಿಗೆ ಮಾತ್ರ ಗೊತ್ತಿತ್ತು. ಬಾದಾಮಿಯ ಹಕೀಮ ಜಾಫರಸಾಬ ಕೂಸುಗಳ ನೆತ್ತಿಗೆಂದು ಕೊಳ್ಳುತ್ತಿದ್ದದ್ದು ಇದೊಂದನ್ನೇ.

"ನನಗೂ ಕಲಿಸ್ರಿ ಅತ್ತಿ," ಎಂದು ಮದುವೆಯಾದ ವರ್ಷವೇ ಕೇಳಿದ್ದೆ.

"ನಿನ್ನ ಮೂಗು ನತ್ತು ಇಟಗೊಳ್ಳಾಕಷ್ಟ ಐತಿ," ಎಂದಳು. ಅಲ್ಲಿಂದ ಮುಂದೆ ಆ ಮಡಿಕೆಯ ಹತ್ತಿರಕ್ಕೂ ನನ್ನನ್ನು ಬಿಡಲಿಲ್ಲ. ಸೋಸಿದ ಎಣ್ಣೆ ಮಾತ್ರ ನನ್ನ ಕೈಗೆ ಬರುತ್ತಿತ್ತು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಅತ್ತೆಗೆ ದೊಡ್ಡ ಜ್ವರ ಬಂತು. ಎದ್ದು ಕೂತ ಮೇಲೆ ಒಂದು ಬೆಳಿಗ್ಗೆ ಅವಳ ಬೆನ್ನ ಹಿಂದೆಯೇ ಒಲೆಯ ಮೇಲಿನ ಹಾಲು ಹೊತ್ತಿತು. ನಾನು ಹಿತ್ತಲಿನಿಂದ ಓಡಿ ಬಂದೆ, ಅವಳು ತಿರುಗಿಯೂ ನೋಡಿರಲಿಲ್ಲ. ಅನ್ನವೂ ಮಣ್ಣು ತಿಂದಂತೆ ಆಗುತ್ತದೆ ಎಂದು ಆಗಲೇ ಗೊಣಗುತ್ತಿದ್ದಳು. ಮೂಗು ಹೋಗಿತ್ತು, ಜೊತೆಗೆ ರುಚಿಯೂ.

ಆಮೇಲಿನ ಮೊದಲ ಎಣ್ಣೆ ಸೋಸುವಾಗಲೇ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. "ಅತ್ತಿ, ಹುಳಿ ಆಗೈತ್ರಿ."

"ನನ್ನ ಎಣ್ಣಿಗೆ ಹೆಸರ ಇಡಾಕ ಬಂದ್ಯಾ? ನಾ ಇನ್ನೂ ಸತ್ತಿಲ್ಲ!"

ಬಾಟಲಿಗಳನ್ನು ನನ್ನ ತಲೆಯ ಮೇಲೆ ಹೊರಿಸಿ ಬಾದಾಮಿಗೆ ನಡೆದಳು. ಜಾಫರಸಾಬ ಬಿರಡೆ ತೆಗೆದು ಮೂಸಿದ, ಅತ್ತೆಯ ಮುಖ ನೋಡಿದ, ನನ್ನ ಮುಖ ನೋಡಿದ. "ಭಾಳ ಛಲೋ ಐತಿ ಅವ್ವಾ," ಎಂದು ಬಾಟಲಿ ಒಳಗಿಟ್ಟುಕೊಂಡ. ಹೊರಡುವಾಗ ನನ್ನನ್ನು ಬದಿಗೆ ಕರೆದು, "ನನ್ನ ಮಕ್ಕಳೆಲ್ಲಾ ಬೆಳದಿದ್ದು ಈ ಅವ್ವನ ಎಣ್ಣಿಯೊಳಗ. ಕೆಟ್ಟೈತಿ ಅಂತ ಹೆಂಗ ಹೇಳ್ಲಿ ತಂಗಿ? ಕದದ ತಿರುಗಣಿಗಾದ್ರೂ ಹಾಕ್ಕೊಂತೇನಿ," ಎಂದ.

ಹೀಗೆ ನಾಲ್ಕು ವರ್ಷ ಇಬ್ಬರೂ ಸೇರಿ ಮುದುಕಿಗೆ ಸುಳ್ಳು ಹೇಳಿದೆವು. ಸುಳ್ಳ್ಯಾಕೆ ಹೇಳಲಿ, ಮೊದಮೊದಲು ನನಗೆ ಒಳಗೊಳಗೇ ಖುಷಿಯೇ ಆಗಿತ್ತು. ನತ್ತಿನ ಮಾತು ನಾನು ಮರೆತಿರಲಿಲ್ಲ.

ಎಂಬತ್ತೆರಡರಲ್ಲಿ ಒಂದು ದಿನ ಅತ್ತೆ ಯಾರಿಗೂ ಹೇಳದೆ ಬಸ್ಸು ಹತ್ತಿ ಒಬ್ಬಳೇ ಬಾದಾಮಿಗೆ ಹೋದಳು. ಹಕೀಮನ ಅಂಗಡಿಯ ಬಾಗಿಲಲ್ಲಿ ಕೆಲಸದವನೊಬ್ಬ ಬಂಡಿಯ ಅಚ್ಚಿಗೆ ಎಣ್ಣೆ ಬಿಡುತ್ತಿದ್ದನಂತೆ. ಬಾಟಲಿಯ ಬಿರಡೆಗೆ ಕೆಂಪು ಚಿಂದಿ ಸುತ್ತಿತ್ತು. ಅದನ್ನು ಸುತ್ತಿದವಳು ಅತ್ತೆಯೇ. ಅಂಗಡಿಯ ಒಳಗೂ ಹೋಗದೆ ತಿರುಗಿ ಬಂದಳು.

"ಎಂದಿನಿಂದ?" ಎಂದಳು ನನಗೆ.

"ಜ್ವರ ಬಂದಾಗಿಂದ್ರಿ."

ಬೈಗುಳಕ್ಕೆ ಕಾದೆ. ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ತಾನೇ ಹಾಲು ಹಿಂಡಿ ಮಡಿಕೆ ಇಟ್ಟಳು. ಅದರ ಮರುದಿನ ಹೊತ್ತೇರಿದ ಮೇಲೆ ನನ್ನನ್ನು ಕರೆದಳು. "ಬಾ, ಕುಂದ್ರು. ಕಲಿಸ್ತೇನಿ."

ಹನ್ನೆರಡು ವರ್ಷ ಕಾದಿದ್ದ ಮಾತು. ಮಡಿಕೆಯ ಮೇಲೆ ಬಗ್ಗಿದೆ.

"ಈಗ ಹೆಂಗ ಬರಾಕತ್ತೈತಿ?"

"ಎಳಿ ಕಾಯಿ ಹಂಗ್ರಿ."

"ತಡಿ ಇನ್ನ."

ಮಧ್ಯಾಹ್ನವಾಯಿತು. "ಈಗ?"

"ಒಂಚೂರು ಮಜ್ಜಿಗಿ ಹಂಗ ಬಂತ್ರಿ. ಸಿಹಿನೂ ಐತಿ. ತೆಗೀಲೇನ್ರಿ?"

ಅತ್ತೆ ಮಡಿಕೆಯ ಅಂಚನ್ನು ಬೆರಳಿನಿಂದ ಸವರಿದಳು.

"ಸರಿ ಆದಾಗ ಹೆಂಗ ಬರತೈತ್ರಿ ಅತ್ತಿ? ಅದನ್ನ ಹೇಳ್ರಿ, ಹಿಡೀತೇನಿ."

"ಹೆಂಗಂದ್ರ..." ಎಂದು ಬಾಯಿ ತೆರೆದಳು. ಕಣ್ಣು ಮುಚ್ಚಿದಳು. ಮಡಿಕೆಯೊಳಗೆ ಮುಖವಿಟ್ಟು ಜೋರಾಗಿ ಉಸಿರೆಳೆದಳು. ಮೂಗಿನ ತುದಿಗೆ ಕೆನೆ ಹತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ನೆನಪ ಆಗವಲ್ದು ಗುರುಲಿಂಗವ್ವ," ಎಂದಳು. ಅಷ್ಟು ವರ್ಷದಲ್ಲಿ ನನ್ನ ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ನಾನು ಸೌಟು ಹಿಡಿದುಕೊಂಡೇ ಕೂತೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಇಬ್ಬರೂ ನೋಡುತ್ತಿದ್ದಂತೆಯೇ ಮಡಿಕೆ ಹುಳಿಯಾಯಿತು. ಆ ಒಂದು ವಾಸನೆ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.