ಹದಿನೇಳು ವರ್ಷ ಕೂತಿದ್ದ ನಾಲ್ಕು ಪ್ಲಗ್

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಟೈಲರಕ್ಕ ಮೊದಲು ಮಾಡುವ ಕೆಲಸ ಎರಡು. ಕಣ್ಣು ಮುಚ್ಚಿ ದೇವರ ಹತ್ತಿರ ಒಂದು ಗಳಿಗೆ ಮಾತಾಡುವುದು, ಆಮೇಲೆ ಎರಡೂ ಹೊಲಿಗೆ ಮಿಷನ್ನುಗಳ ಸೂಜಿ ಬದಲಾಯಿಸುವುದು. ಹಳೆ ಸೂಜಿ ವಾರವೆಲ್ಲ ದುಡಿದಿರಲಿ, ನಾಲ್ಕು ಗುಂಡಿಪಟ್ಟಿ ಹೊಲಿದು ಸುಮ್ಮನೆ ಕೂತಿರಲಿ, ಅದಕ್ಕೆ ಮಾಫಿಯಿಲ್ಲ.

"ಇನ್ನೂ ಚೆನ್ನಾಗೇ ಇದೆಯಲ್ಲಕ್ಕಾ" ಎಂದು ಯಾರಾದರೂ ಅಂದರೆ, "ಚೆನ್ನಾಗಿರೋದು ನಿಮ್ಮ ಕಣ್ಣಿಗೆ. ಬಟ್ಟೇನ ಕೇಳಿ ನೋಡಿ" ಎನ್ನುತ್ತಾಳೆ.

ಇಷ್ಟೆಲ್ಲ ಬಲ್ಲ ಹೆಂಗಸು ತನ್ನ ಕಾರಿನ ವಿಷಯದಲ್ಲಿ ಮಾತ್ರ ಹದಿನೇಳು ವರ್ಷ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಳು.

ಚಿಕ್ಕಂದಿನಲ್ಲಿ ಬಂದ ಜ್ವರ ಅವಳ ಎಡಗಾಲನ್ನು ಬೆಳೆಯಲು ಬಿಟ್ಟಿರಲಿಲ್ಲ. ಮನೆಯಿಂದ ಅಂಗಡಿಗೆ ಒಂದೂಕಾಲು ಕಿಲೋಮೀಟರು. ಬೇರೆಯವರಿಗೆ ಅದು ಕೈ ಬೀಸಿಕೊಂಡು ನಡೆಯುವ ದಾರಿ, ಅವಳಿಗೆ ಮೂರು ಕಡೆ ಕೂತು ಸುಧಾರಿಸಿಕೊಳ್ಳುವ ದಾರಿ. ಶಾಲೆಯ ಯೂನಿಫಾರಂ ಹೊಲಿದು ಹೊಲಿದು ಒಂದು ಸಣ್ಣ ಬಿಳಿ ಕಾರು ಕೊಂಡಳು. ಎಡಗಾಲಿನ ಕೆಲಸ ಕೈಗೆ ಬರುವಂತೆ ಒಂದು ಹಿಡಿಕೆ ಬೇಕಿತ್ತು. ಅಂಗಿ ಕತ್ತರಿಸುವ ಹಾಗೆ ಕಾಗದದಲ್ಲಿ ಅದರ ಅಳತೆ ಕತ್ತರಿಸಿ ವೆಲ್ಡಿಂಗಿನವನಿಗೆ ಕೊಟ್ಟಳು. ಅವನು ಎರಡು ಸಲ ಕೆಡಿಸಿ ಮೂರನೇ ಸಲ ಸರಿ ಮಾಡಿದ. ಡ್ರೈವಿಂಗ್ ಪರೀಕ್ಷೆಯನ್ನೂ ಅವಳು ಮೂರನೇ ಸಲಕ್ಕೇ ಗೆದ್ದದ್ದು. ಆವತ್ತಿನಿಂದ ಬೇಕಾದಾಗ ಹೊರಟಳು, ಬೇಡವಾದಾಗ ಮನೆಯಲ್ಲಿದ್ದಳು. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ತಮ್ಮ ಅದನ್ನು "ಅಕ್ಕನ ಆಮೆ" ಎಂದು ಕರೆದ. ಅಕ್ಕನಿಗೆ ಬೇಜಾರಾಗಲಿಲ್ಲ. ಬೇರೆಯವರು ಮಕ್ಕಳ ಮಾರ್ಕ್ಸ್ ಕಾರ್ಡ್ ತೋರಿಸುವ ಹಾಗೆ ಅವಳು ಕಾರಿನ ಮೀಟರು ತೋರಿಸುತ್ತಿದ್ದಳು. ಹದಿನೇಳು ವರ್ಷಕ್ಕೆ ಹದಿನೆಂಟು ಸಾವಿರ ಕಿಲೋಮೀಟರು! ಸರ್ವೀಸಿಗೆ ಬಿಟ್ಟಾಗಲೆಲ್ಲ ಗ್ಯಾರೇಜಿನ ಮೇಸ್ತ್ರಿ ಕೇಳುತ್ತಿದ್ದ, "ಪ್ಲಗ್ ಬದಲಾಯಿಸೋಣವಾ ಅಕ್ಕಾ?" ಇಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲಿಗೆ ಬೆಂಕಿ ಹಚ್ಚುವ ಹೆಬ್ಬೆರಳುದ್ದದ ವಸ್ತುಗಳು ಅವು, ಒಟ್ಟು ನಾಲ್ಕು. "ನಲವತ್ತು ಸಾವಿರಕ್ಕೆ ಅಂತ ನೀವೇ ಹೇಳಿದ್ದಲ್ವಾ? ನನ್ನ ಗಾಡಿ ಇನ್ನೂ ಎಳೇ ಕೂಸು" ಎಂದು ಅವಳು ನಗುತ್ತಿದ್ದಳು. ಕೇಳಿ ಕೇಳಿ ಅವನೂ ಕೇಳುವುದನ್ನು ಬಿಟ್ಟ.

ಕಾರಿಗೆ ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ. ಈ ಸಲ ಸೋಮವಾರ ಹೋದರೆ, ಪರೀಕ್ಷೆ ಮಾಡುವ ಕನ್ನಡಕದ ಹೆಂಗಸು ಪರದೆ ನೋಡಿ ತಲೆಯಾಡಿಸಿದಳು.

"ಪೆಟ್ರೋಲು ಪೂರ್ತಿ ಉರೀತಾನೇ ಇಲ್ಲ. ಹಸಿಹಸಿ ಹೊರಗೆ ಬರ್ತಿದೆ. ಶುಕ್ರವಾರ ಸಂಜೆವರೆಗೆ ಇನ್ನೊಂದು ಅವಕಾಶ ಇದೆ. ಆಗಲೂ ಹೀಗೇ ಬಂದ್ರೆ ರಸ್ತೆ ಮೇಲೆ ಬಿಡೋ ಹಾಗಿಲ್ಲ."

ಸುದ್ದಿ ಕೇಳಿ ತಮ್ಮ ಓಡಿ ಬಂದ. ಒಳ್ಳೆಯವನೇ, ಆದರೆ ಅವನ ಒಳ್ಳೆಯತನಕ್ಕೆ ಯಾವಾಗಲೂ ಸ್ವಲ್ಪ ಆತುರ.

"ಬಿಟ್ಟುಬಿಡು ಅಕ್ಕಾ. ಶನಿವಾರ ಬರೋಕೆ ಗುಜರಿಯವನಿಗೆ ಹೇಳಿದ್ದೀನಿ. ನಾನಿಲ್ವಾ? ಬೆಳಿಗ್ಗೆ ಒಂಬತ್ತಕ್ಕೆ ಬಿಡ್ತೀನಿ, ಸಂಜೆ ಆರಕ್ಕೆ ಕರ್ಕೊಂಡು ಬರ್ತೀನಿ."

"ನಿನ್ನ ಒಂಬತ್ತು ಗಂಟೆ ನನಗೆ ಗೊತ್ತಿಲ್ವಾ? ನಿನ್ನ ಮದುವೆಗೆ ನೀನೇ ತಡವಾಗಿ ಬಂದೋನು."

ಅಂದದ್ದೇನೋ ನಗುತ್ತಲೇ. ಆದರೆ ಕಾರು ಹೋದರೆ ಇನ್ನು ಮುಂದೆ ತಮ್ಮನ ಗಡಿಯಾರ ನೋಡಿಕೊಂಡು ಬದುಕಬೇಕು. ಹೊಸ ಕಾರು ಕೊಳ್ಳುವಷ್ಟು ದುಡ್ಡಿರಲಿಲ್ಲ.

ಅವನು ಹೋದ ಮೇಲೆ ಅಕ್ಕ ಕಾರಿನಲ್ಲಿ ಒಬ್ಬಳೇ ಕೂತು ಇಂಜಿನ್ ಚಾಲೂ ಮಾಡಿದಳು. ಎಲ್ಲಿಗೂ ಹೊರಡಲಿಲ್ಲ. ಮೂವತ್ತು ವರ್ಷ ಮಿಷನ್ನಿನ ಸದ್ದು ಕೇಳಿದ ಕಿವಿ ಅದು. ಪಕ್ಕದ ಕೋಣೆಯಲ್ಲಿದ್ದರೂ ಯಾವ ಮಿಷನ್ನು ಎಳೆ ಬಿಟ್ಟಿತು ಎಂದು ಹೇಳುವ ಕಿವಿ. ಟಕ ಟಕ ಟಕ ಎನ್ನುತ್ತಿದ್ದ ಇಂಜಿನ್ನು ನಡುವೆ ಒಮ್ಮೆ ಸುಮ್ಮನಾಗಿ, ಮೈ ಜಾಡಿಸಿ, ಮತ್ತೆ ಹಿಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ.

"ಅಯ್ಯೋ, ಹೊಲಿಗೆ ತಪ್ಪಿಸ್ತಿದೆ!" ಎಂದಳು ಗಟ್ಟಿಯಾಗಿ, ಖಾಲಿ ಕಾರಿನಲ್ಲಿ.

ಮಿಷನ್ನು ಹೊಲಿಗೆ ತಪ್ಪಿಸಿದರೆ ಯಾರೂ ಮಿಷನ್ನು ಬಿಚ್ಚುವುದಿಲ್ಲ. ಮೊದಲು ಸೂಜಿ ನೋಡುತ್ತಾರೆ.

ಮಂಗಳವಾರ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಶುಕ್ರವಾರದ ಗಡುವು, ಶನಿವಾರದ ಗುಜರಿ ಎಲ್ಲ ಹೇಳಿದಾಗ ಮೇಸ್ತ್ರಿ ಬೇರೆಯೇ ರಾಗ ತೆಗೆದ. ಇಂಜಿನ್ನು ಇಳಿಸಬೇಕು, ಇಪ್ಪತ್ತು ದಿನ ಹಿಡಿಯುತ್ತದೆ.

"ಪ್ಲಗ್ ಬದಲಾಯಿಸಿ" ಎಂದಳು ಅಕ್ಕ.

"ಹತ್ತು ವರ್ಷ ಬೇಡ ಬೇಡ ಅಂದವರು ನೀವೇ! ಈಗ ನಾನು ಹೇಳ್ತೀನಿ ಕೇಳಿ, ಹದಿನೆಂಟು ಸಾವಿರಕ್ಕೆ ಪ್ಲಗ್ ಸಾಯಲ್ಲ."

"ಹದಿನೆಂಟು ಸಾವಿರ ಕಿಲೋಮೀಟರು ಸರಿ. ಎಷ್ಟು ಸಲ ಸ್ಟಾರ್ಟ್ ಮಾಡಿದ್ದೀನಿ ಲೆಕ್ಕ ಹಾಕಿದ್ದೀರಾ? ಬೆಳಿಗ್ಗೆ ಒಂದು, ಊಟಕ್ಕೆ ಎರಡು, ಸಂಜೆ ಒಂದು. ಹೆಚ್ಚುಕಮ್ಮಿ ಒಂದು ಕಿಲೋಮೀಟರಿಗೆ ಒಂದು ಸ್ಟಾರ್ಟು ಬಂತು ನೋಡಿ. ಇಂಜಿನ್ನು ಬಿಸಿಯಾಗೋದ್ರೊಳಗೆ ಆರಿಸ್ತೀನಿ. ಮಸಿ ಸುಟ್ಟು ಹೋಗೋದು ಯಾವಾಗ?"

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡ. ಒರೆಸಿದ್ದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಅದು ಸರಿ ಅಕ್ಕಾ, ಒಪ್ಪಿದೆ. ಆದ್ರೆ ಹದಿನೇಳು ವರ್ಷ ಅಲ್ಲಾಡದೆ ಕೂತಿವೆ. ತುಕ್ಕು ಕಚ್ಚಿರುತ್ತೆ. ತಿರುಗಿಸೋಕೆ ಹೋಗಿ ಇಂಜಿನ್ನಿನ ತಿರುಪಿನ ಗೆರೆ ಕಿತ್ಕೊಂಡು ಬಂತೋ, ಮುಗೀತು. ಗುಜರಿಯವನು ಶನಿವಾರದವರೆಗೆ ಕಾಯೋದೇ ಬೇಡ."

ಅಕ್ಕ ಲೆಕ್ಕ ಹಾಕಿದಳು. ಸುಮ್ಮನೆ ಬಿಟ್ಟರೆ ಶುಕ್ರವಾರ ಸೋಲು ಖಂಡಿತ. ಕೈ ಹಾಕಿದರೆ ಅದಕ್ಕೂ ಮೊದಲೇ ಸೋಲಬಹುದು, ಅಥವಾ ಗೆಲ್ಲಬಹುದು. ತಪ್ಪು ತನ್ನದೇ. ಆಗಾಗ ಬಿಚ್ಚಿ ಹಾಕಿಸಿದ್ದರೆ ತುಕ್ಕು ಹಿಡಿಯುತ್ತಿರಲಿಲ್ಲ. ಓಡಿಲ್ಲ ಓಡಿಲ್ಲ ಎಂದು ಜಂಬ ಪಟ್ಟುಕೊಂಡದ್ದಕ್ಕೆ ಇದು. ದೇವರೇ, ಜಂಬಕ್ಕೆ ಶಿಕ್ಷೆ ಕೊಡು, ಕಾಲು ಮಾತ್ರ ಕಿತ್ಕೋಬೇಡ ಎಂದುಕೊಂಡಳು.

"ಬಿಚ್ಚಿ" ಎಂದಳು. "ಇವತ್ತೇ ಬೇಡ. ಈಗ ಬುಡಕ್ಕೆಲ್ಲ ಎಣ್ಣೆ ಬಿಡಿ. ನಾಳೆ ಬೆಳಿಗ್ಗೆವರೆಗೆ ಇಳೀಲಿ. ನಾನೂ ಬರ್ತೀನಿ."

ಬುಧವಾರ ಬೋನೆಟ್ಟಿನ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತಳು. ಮೇಸ್ತ್ರಿ ಇಂಜಿನ್ನನ್ನು ಚೂರು ಬೆಚ್ಚಗೆ ಮಾಡಿ, ಉದ್ದ ಹಿಡಿಕೆಯ ಪಾನಾ ಇಳಿಸಿದ. ಮೊದಲನೆಯದು ಕಟ್ ಎಂದು ಸಡಿಲಾಗಿ ಬಂತು. ಎರಡನೆಯದು, ಮೂರನೆಯದು ಗೊಣಗಿಕೊಂಡು ಬಂದವು. ನಾಲ್ಕನೆಯದು ಕಾಲು ಸುತ್ತು ತಿರುಗಿ ಕೀಚ್ ಎಂದಿತು. ಮೇಸ್ತ್ರಿ ಭುಜ ಬಿಗಿದ.

"ನಿಲ್ಸಿ!" ಅಕ್ಕ ಕೂಗಿದಳು. "ಹಿಂದಕ್ಕೆ ತಿರುಗಿಸಿ."

"ಈಗ ತಾನೇ ಅಲ್ಲಾಡ್ತು ಅಕ್ಕಾ!"

"ಸದ್ದು ಕೇಳಿಸಲಿಲ್ವಾ? ಅದು ಬರ್ತಿರೋ ಸದ್ದಲ್ಲ, ಹರೀತಿರೋ ಸದ್ದು. ಹಿಂದಕ್ಕೆ ಹೋಗಿ, ಎಣ್ಣೆ ಬಿಡಿ, ಆಮೇಲೆ ಮುಂದಕ್ಕೆ."

ಅವನು ಮಾತು ಕೇಳಿದ. ಚೂರು ಮುಂದೆ, ಚೂರು ಹಿಂದೆ. ಕೀಚ್ ಅಂದಾಗಲೆಲ್ಲ ಅಕ್ಕ ಕೈ ಎತ್ತುವಳು, ಅವನು ನಿಲ್ಲಿಸುವನು. ಆ ಒಂದು ಪ್ಲಗ್ಗಿಗೇ ಒಂದು ಗಂಟೆ. ಗ್ಯಾರೇಜಿನಲ್ಲಿ ಟೀ ಎರಡು ಸಲ ಬಂದು ಎರಡು ಸಲವೂ ಆರಿ ಹೋಯಿತು. ಅಕ್ಕನ ತುಟಿ ಮಾತ್ರ ಸದ್ದಿಲ್ಲದೆ ಆಡುತ್ತಿತ್ತು. ಕಡೆಗೆ ಕೀಚು ಹೋಗಿ ಬರೀ ಸರಸರ ಉಳಿಯಿತು, ಪ್ಲಗ್ಗು ಮೇಲೆದ್ದು ಬಂತು. ಮೇಸ್ತ್ರಿ ಟಾರ್ಚು ಬಿಟ್ಟು ತೂತಿನೊಳಗೆ ಇಣುಕಿ ನೋಡಿದ.

"ಗೆರೆಗಳೆಲ್ಲ ಹಾಗೇ ಇವೆ ಅಕ್ಕಾ! ಒಂದೂ ಹೋಗಿಲ್ಲ!"

ನಾಲ್ಕಕ್ಕೂ ಕಾಡಿಗೆ ಮೆತ್ತಿದಂತೆ ಮಸಿ. ನಾಲ್ಕನೆಯದರ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು. ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇಪ್ಪತ್ತು ದಿನದ ಕೆಲಸ ಅಂದಿದ್ದೆ ನಾನು" ಎಂದ ಮೆಲ್ಲಗೆ.

"ಹೊಸದನ್ನ ಮೊದಲು ಬೆರಳಲ್ಲೇ ತಿರುಗಿಸಿ. ಬಿಗಿ ಆದ ಮೇಲೆ ಪಾನಾ" ಎಂದಳು ಅಕ್ಕ. ಹೊಸ ಸೂಜಿ ಹಾಕಿದ ಮೇಲೆ ಮೊದಲ ಹೊಲಿಗೆಗೆ ಅವಳು ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಿದ್ದಳು.

"ಅಂಗಡಿ ಮುಚ್ಚಿ ಇಲ್ಲಿಗೇ ಬಂದುಬಿಡಿ, ನಾನು ಗುಂಡಿ ಹೊಲೀತೀನಿ" ಎಂದ ಮೇಸ್ತ್ರಿ.

ಕೀಲಿ ತಿರುಗಿಸಿದರೆ ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. ಟಕ ಟಕ ಟಕ ಟಕ. ಅಕ್ಕ ಕಿವಿಗೊಟ್ಟು ಕಾದಳು. ಒಂದು ಹೊಲಿಗೆಯೂ ತಪ್ಪಲಿಲ್ಲ.

ಒಳಗೆ ಉಳಿದ ಮಸಿ ಸುಡಬೇಕಾದರೆ ಒಂದಿಷ್ಟು ದೂರ ಜೋರಾಗಿ ಓಡಿಸಬೇಕೆಂದು ಮೇಸ್ತ್ರಿ ಹೇಳಿದ್ದ. ಗುರುವಾರ ಅಂಗಡಿಗೆ ಬೀಗ ಹಾಕಿ ಅಕ್ಕ ಊರಾಚೆಯ ದೊಡ್ಡ ರಸ್ತೆಗೆ ಕಾರು ತಿರುಗಿಸಿದಳು. ಹದಿನೇಳು ವರ್ಷದಲ್ಲಿ ಆ ಕಡೆ ಹೋಗಿರಲೇ ಇಲ್ಲ. ಲಾರಿಯ ಪಕ್ಕದಲ್ಲಿ ಆಮೆ ಹಾದು ಮುಂದೆ ಹೋಯಿತು. ಲಾರಿಯವನು ಹಾರ್ನ್ ಹೊಡೆದ, ಅಕ್ಕನೂ ಹೊಡೆದಳು. ಮೀಟರಿಗೆ ಒಂದೇ ದಿನ ತೊಂಬತ್ತು ಕಿಲೋಮೀಟರು ಸೇರಿತು. ಅದರ ಒಂದೊಂದು ಅಂಕಿ ಬದಲಾಗುವಾಗಲೂ ಅವಳಿಗೆ ಖುಷಿಯೇ ಆಯಿತು.

ಶುಕ್ರವಾರ ಕನ್ನಡಕದ ಹೆಂಗಸು ಪರದೆ ನೋಡಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

"ಇಂಜಿನ್ ಬದಲಾಯಿಸಿದ್ರಾ?"

"ಇಲ್ಲಮ್ಮ" ಎಂದಳು ಅಕ್ಕ. "ಸೂಜಿ ಬದಲಾಯಿಸಿದೆ."

ಶನಿವಾರ ಬೆಳಿಗ್ಗೆ ಗುಜರಿಯವನು ಗಾಡಿ ತಂದು ಮನೆ ಮುಂದೆ ನಿಲ್ಲಿಸಿದಾಗ ತಮ್ಮ ಇನ್ನೂ ಬಂದಿರಲಿಲ್ಲ. ಅವನು ಹೇಳಿದ್ದ ಒಂಬತ್ತು ಗಂಟೆ ದಾಟಿತ್ತು. ಅಕ್ಕ ಆಗಲೇ ಕಾರಿನಲ್ಲಿ ಕೂತಿದ್ದಳು, ಇಂಜಿನ್ನು ಚಾಲೂ ಆಗಿತ್ತು, ಪಾಸಾದ ಚೀಟಿ ಮುಂದಿನ ಗಾಜಿನ ಮೇಲಿತ್ತು.

"ಗುಜರಿ ಇದೆ ಅಂದಿದ್ರು?" ಎಂದ ಗುಜರಿಯವನು, ಹೊಳೆಯುವ ಕಾರನ್ನು ನೋಡಿ ಅನುಮಾನದಿಂದ.

"ಇದೆಯಲ್ಲ, ಹಿಡೀರಿ" ಎಂದು ಅಕ್ಕ ಕಿಟಕಿಯಿಂದ ಕೈ ಚಾಚಿ ಮೂರು ಕರಿ ಪ್ಲಗ್ಗುಗಳನ್ನು ಅವನ ಅಂಗೈಗೆ ಹಾಕಿದಳು. ಬಿರುಕು ಬಿಟ್ಟ ನಾಲ್ಕನೆಯದನ್ನು ಕೊಡಲಿಲ್ಲ. ಅದು ಅಂಗಡಿಯ ಸೂಜಿ ಡಬ್ಬಿಯಲ್ಲಿತ್ತು, ಸೋಮವಾರ ಸೋಮವಾರ ಕಣ್ಣಿಗೆ ಬೀಳುವ ಹಾಗೆ.

ಆಮೇಲೆ ಕೈಹಿಡಿಕೆ ಎಳೆದು ಕಾರನ್ನು ರಸ್ತೆಗೆ ಇಳಿಸಿದಳು. ತಿರುವಿನಲ್ಲಿ ತಮ್ಮ ಏದುಸಿರು ಬಿಡುತ್ತ ಓಡಿ ಬರುತ್ತಿದ್ದ, ಅವನ ಬೈಕು ಚಾಲೂ ಆಗಿರಲಿಲ್ಲವಂತೆ. ಅಕ್ಕ ಗಾಡಿ ನಿಲ್ಲಿಸಿ ಪಕ್ಕದ ಸೀಟಿನ ಬಾಗಿಲು ತೆರೆದಳು.

"ಹತ್ಕೋ, ನಾನೇ ಬಿಡ್ತೀನಿ. ಎಷ್ಟು ಗಂಟೆಗೆ ಕರ್ಕೊಂಡು ಬರ್ಲಿ, ಆರಕ್ಕಾ?"