ಐವತ್ತು ಕಿಲೋ

ನಮ್ಮ ಅಂಗನವಾಡಿಯಲ್ಲಿ ತಟ್ಟೆ ಖಾಲಿ ಮಾಡದೆ ಎದ್ದ ಮಗು ಒಂದೂ ಇಲ್ಲ ಎಂದು ನಾನು ಕುರುಬರಹಳ್ಳಿಯ ತುಂಬ ಬಡಾಯಿ ಕೊಚ್ಚಿಕೊಳ್ಳುತ್ತಿದ್ದೆ. ಸುಳ್ಳೇನಲ್ಲ. ನಾನು ಎದುರಿಗೆ ಕುಳಿತರೆ ಎಂಥ ಹಟಮಾರಿಯೂ ನುಂಗುತ್ತಿತ್ತು. ಪ್ರೀತಿಗೆ ನುಂಗುತ್ತಿದ್ದವೋ ಹೆದರಿಕೆಗೆ ನುಂಗುತ್ತಿದ್ದವೋ, ಆ ಕಾಲದಲ್ಲಿ ನಾನು ಕೇಳಿಕೊಂಡವಳಲ್ಲ. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ ಚಾರ್ಟಿನಲ್ಲಿ ಚುಕ್ಕೆ ಇಡುವುದು, ಚುಕ್ಕೆಗಳನ್ನು ಗೆರೆ ಎಳೆದು ಸೇರಿಸುವುದು ನನ್ನ ಕೆಲಸ. ಗೆರೆ ಮೇಲಕ್ಕೆ ಹೋದರೆ ನನಗೆ ಹಬ್ಬ. ಕೆಳಗಿಳಿದರೆ ಆ ಮಗುವಿನ ತಾಯಿಗೆ ಅವತ್ತು ಗ್ರಹಚಾರ.

ನನ್ನ ಯಜಮಾನರು ಸಿಟಿ ಬಸ್ಸಿನ ಕಂಡಕ್ಟರ್. ವಿಜಯನಗರದ ರಸ್ತೆಯಲ್ಲಿ ಮೆಟ್ರೋ ಕಂಬಗಳಿನ್ನೂ ಎದ್ದಿರಲಿಲ್ಲ. ಕೆಂಗೇರಿಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಕೆಂಗೇರಿಗೆ, ಒಂದೇ ಡ್ರೈವರ್ ಜೊತೆ ಹನ್ನೊಂದು ವರ್ಷ ಓಡಾಡಿದವರು. ಡ್ರೈವರ್ ಗದಗದ ಕಡೆಯವರು, ಗಟ್ಟಿ ಗಂಟಲಿನ ಆಸಾಮಿ. ಟ್ರಿಪ್ಪು ಮುಗಿದು ಕೆಂಗೇರಿಯಲ್ಲಿ ಬಸ್ಸು ನಿಂತ ಕೂಡಲೇ ಇಬ್ಬರೂ ದರ್ಶಿನಿಗೆ ಹೋಗಿ ಒಂದು ಬೈಟು ಕಾಫಿ ಕುಡಿಯಬೇಕು. ಒಬ್ಬೊಬ್ಬರಿಗೆ ಒಂದೊಂದು ಪೂರ್ತಿ ಕಾಫಿ ಕುಡಿದರೆ ಏನಾಗುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. "ರುಚಿ ಇರಲ್ಲ ಕಣೆ" ಎಂದಿದ್ದರು. ಒಂದೇ ಕಾಫಿ ಎರಡು ಲೋಟಕ್ಕೆ ಹೋದರೆ ರುಚಿ ಹೇಗೆ ಹೆಚ್ಚುತ್ತದೋ, ನನ್ನಂಥ ಲೆಕ್ಕಾಚಾರದವಳಿಗೆ ತಿಳಿಯಲಿಲ್ಲ.

ಎರಡು ಮುದ್ದೆ ಉಂಡು ಮೂರನೆಯದಕ್ಕೆ ಕೈ ಚಾಚುತ್ತಿದ್ದ ಮನುಷ್ಯ ಅರ್ಧ ಮುದ್ದೆಗೇ ಸಾಕೆನ್ನತೊಡಗಿದರು. ಗ್ಯಾಸ್ಟ್ರಿಕ್ ಎಂದುಕೊಂಡೆವು. ಡ್ಯೂಟಿ ತಪ್ಪಿಸದೆ ಮಾತ್ರೆ ನುಂಗಿಕೊಂಡು ಏಳೆಂಟು ತಿಂಗಳು ಕಳೆದರು. ಕೊನೆಗೆ ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡಿದಾಗ ಜಠರದ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಅದು ಲಿವರಿಗೂ ಹರಡಿತ್ತು. ಆಪರೇಷನ್ನಿನ ಮಾತೇ ಬರಲಿಲ್ಲ. ಎರಡು ಸಲ ಔಷಧಿ ಏರಿಸಿದರು. ಎರಡನೆಯ ಸಲ ಅವರು ಎಂಥ ಸುಸ್ತಾದರೆಂದರೆ ನಮ್ಮ ಮನೆಯ ಎಂಟು ಮೆಟ್ಟಿಲು ಹತ್ತಲು ಡ್ರೈವರ್ ಹೆಗಲು ಕೊಡಬೇಕಾಯಿತು.

ಅದಾದ ಮೇಲೆ ಡಾಕ್ಟರ್ ನನ್ನೊಬ್ಬಳನ್ನೇ ಒಳಗೆ ಕರೆದರು. ಯಜಮಾನರು ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಡಾಕ್ಟರ್ ವಯಸ್ಸಾದವರು, ಮೆಲುದನಿಯವರು. "ಇನ್ನು ಈ ಔಷಧಿಯಿಂದ ತೊಂದ್ರೆನೇ ಜಾಸ್ತಿ ಕಣಮ್ಮ, ನಿಲ್ಲಿಸಿಬಿಡೋಣ" ಎಂದರು. "ನೋವಿಗೆ, ವಾಂತಿಗೆ ಬರೆದುಕೊಡ್ತೀನಿ. ಊಟದ ವಿಷಯದಲ್ಲಿ ಬಲವಂತ ಮಾಡ್ಬೇಡಿ. ಈ ಹಂತದಲ್ಲಿ ಎಷ್ಟು ತಿನ್ನಿಸಿದ್ರೂ ಮೈಗೆ ಹತ್ತಲ್ಲ. ಬಾಯಿಗೆ ಹಿತ ಅನ್ನಿಸಿದ್ದು ಒಂದು ಚಮಚ ಆದ್ರೂ ಸರಿ. ಇರೋ ದಿನ ನೆಮ್ಮದಿಯಾಗಿರ್ಲಿ."

ಬಲವಂತ ಮಾಡಬೇಡಿ ಎಂದು ಅಂಗನವಾಡಿ ಟೀಚರಿಗೆ ಹೇಳುತ್ತಿದ್ದಾರೆ! ನನಗೆ ಮೈ ಉರಿದುಹೋಯಿತು. ತಿಂದದ್ದು ಮೈಗೆ ಹತ್ತುವುದಿಲ್ಲವೆಂದರೆ ಏನರ್ಥ? ಈ ಡಾಕ್ಟರ್ ಕೈಚೆಲ್ಲಿ ಕುಳಿತಿದ್ದಾರೆ, ನಾನು ಕೈಚೆಲ್ಲುವವಳಲ್ಲ ಎಂದುಕೊಂಡು ಹೊರಗೆ ಬಂದೆ.

"ಏನಂದ್ರು?" ಎಂದು ಕೇಳಿದರು ಯಜಮಾನರು.

"ತೂಕ ಸಾಲದಂತೆ ರೀ. ಐವತ್ತು ಕಿಲೋ ಆದ್ರೆ ಮುಂದಿನ ಔಷಧಿ ಶುರು ಮಾಡ್ತಾರಂತೆ."

ಐವತ್ತು ಎಂಬುದು ನನ್ನ ಬಾಯಿಗೆ ಎಲ್ಲಿಂದ ಬಂತೋ. ಅವತ್ತು ಅವರು ನಲವತ್ತೇಳು ಇದ್ದರು. ಮೂರೇ ಕಿಲೋ, ಕಷ್ಟವೇನಲ್ಲ ಎಂದು ಅನ್ನಿಸುವಂಥ ಗುರಿ ಇಟ್ಟೆ. ತಾಯಂದಿರಿಗೆ ನಾನು ಯಾವಾಗಲೂ ಹಾಗೇ ಗುರಿ ಇಡುತ್ತಿದ್ದೆ. "ಅಷ್ಟೇನಾ? ಮಾಡೋಣ ಬಿಡು" ಎಂದರು. ತಿಂಗಳಾನುಗಟ್ಟಲೆ ಕಾಣದ ಗೆಲುವು ಅವರ ಮುಖದಲ್ಲಿ ಕಂಡಿತು. ನಾನು ಒಳ್ಳೆಯ ಕೆಲಸವನ್ನೇ ಮಾಡಿದೆ ಎಂದುಕೊಂಡೆ.

ಮಾರನೆಯ ದಿನದಿಂದ ನಮ್ಮ ಮನೆ ಅಂಗನವಾಡಿಯಾಯಿತು. ಎದ್ದ ಕೂಡಲೇ ರಾಗಿ ಮಾಲ್ಟು. ಎಂಟಕ್ಕೆ ಮೊಟ್ಟೆಯ ಬಿಳಿ. ಹತ್ತಕ್ಕೆ ಪಾರ್ಕಿನ ಗೇಟಿನಲ್ಲಿ ಮಾರುವ ಗೋಧಿ ಹುಲ್ಲಿನ ರಸ, ಅದನ್ನು ಯಾರೋ ಹೇಳಿದರೆಂದು ತರುತ್ತಿದ್ದೆ. ಮಧ್ಯಾಹ್ನ ಮಿಕ್ಸಿಗೆ ಹಾಕಿದ ಅನ್ನ ಬೇಳೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಚಾರ್ಟು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಮೇಲ್ತುದಿಗೆ ಐವತ್ತು ಎಂದು ಬರೆದು ಹಸಿರು ಗೆರೆ ಎಳೆದೆ. ಬಸುರಿಯರನ್ನು ತೂಗುವ ನಿಲ್ಲುವ ತಕ್ಕಡಿಯನ್ನು ಅಂಗನವಾಡಿಯಿಂದ ಶನಿವಾರ ಮನೆಗೆ ತಂದು ಸೋಮವಾರ ಬೆಳಿಗ್ಗೆ ಅವರನ್ನು ಅದರ ಮೇಲೆ ನಿಲ್ಲಿಸಿ, ಆಮೇಲೆ ವಾಪಸು ಕೊಂಡೊಯ್ಯುತ್ತಿದ್ದೆ.

ಅವರು ಹಟ ಮಾಡಲಿಲ್ಲ. ಅದನ್ನು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ. ನಾನು ಚಮಚ ಹಿಡಿದು ಕುಳಿತರೆ ಕಣ್ಣು ಮುಚ್ಚಿ ನುಂಗುತ್ತಿದ್ದರು. ಮುಕ್ಕಾಲು ಪಾಲು ವಾಂತಿಯಾಗುತ್ತಿತ್ತು. ಬಾಯಿ ತೊಳೆದುಕೊಂಡು ಬಂದು, "ಇನ್ನೊಂದ್ ಸ್ವಲ್ಪ ಹೊತ್ತು ಬಿಟ್ಟು ಕೊಡು" ಎನ್ನುತ್ತಿದ್ದರು. ಮಕ್ಕಳಾದರೂ ಅಳುತ್ತವೆ.

ಡ್ರೈವರ್ ವಾರದ ರಜೆಯ ದಿನ ಬರುತ್ತಿದ್ದರು. ಬರುವಾಗ ದರ್ಶಿನಿಯ ಕಾಫಿಯನ್ನು ಪುಟ್ಟ ಫ್ಲಾಸ್ಕಿನಲ್ಲಿ ತಂದು ಎರಡು ಲೋಟಕ್ಕೆ ಬಗ್ಗಿಸುತ್ತಿದ್ದರು. ಎರಡನೆಯ ವಾರ ನಾನು ಫ್ಲಾಸ್ಕು ಕಿತ್ತುಕೊಂಡೆ. ಕಾಫಿ ಕುಡಿದರೆ ಹಸಿವು ಸಾಯುತ್ತದೆ, ಕಾಯಿಲೆಯವರ ಮನೆಗೆ ಬರುವ ರೀತಿಯಾ ಇದು ಎಂದು ಬಾಯಿಗೆ ಬಂದಂತೆ ಅಂದೆ. ಯಜಮಾನರು ಗೋಡೆಯ ಕಡೆ ತಿರುಗಿಕೊಂಡರು.

ಆದರೆ ಚಾರ್ಟಿನ ಗೆರೆ ಮೇಲೇರುತ್ತಿತ್ತು! ನಲವತ್ತೆಂಟು. ಮುಂದಿನ ಸೋಮವಾರ ನಲವತ್ತೊಂಬತ್ತು. ಕೆನ್ನೆ ಒಳಗೆ ಹೋಗುತ್ತಿತ್ತು, ಮಣಿಕಟ್ಟಿನ ಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು, ಆದರೂ ತೂಕ ಏರುತ್ತಿತ್ತು. ನಾನು ಎಷ್ಟೋ ತಾಯಂದಿರ ಕಳ್ಳಾಟ ಹಿಡಿದವಳು. ಮಗುವಿನ ಕೈಗೆ ಲೋಟ ಕೊಟ್ಟು ತೂಗಿಸಿದರೂ ದೂರದಿಂದಲೇ ಗೊತ್ತಾಗುತ್ತಿತ್ತು. ನನ್ನ ಮನೆಯಲ್ಲಿ ಮಾತ್ರ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಚಳಿ ಎಂದು ಅವರು ಸ್ವೆಟರಿನ ಮೇಲೆ ಶಾಲು ಹೊದ್ದು ತಕ್ಕಡಿ ಹತ್ತುತ್ತಿದ್ದರು. ಅವರಿಗೆ ಯಾವಾಗಲೂ ಚಳಿಯೇ. ನಾನು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ, ಡಾಕ್ಟರಿಗಿಂತ ನನ್ನ ರಾಗಿ ಮಾಲ್ಟು ಮೇಲು ಎಂದು ಹೇಳಿಕೊಂಡು ಬಂದೆ.

ಮೂರನೆಯ ಸೋಮವಾರ ಮುಳ್ಳು ಐವತ್ತಕ್ಕೆ ಬಂದು ನಿಂತಿತು.

"ನೋಡೆ, ಐವತ್ತು!" ಎಂದರು. ತಕ್ಕಡಿಯಿಂದ ಇಳಿಯದೆ ಬಾಗಿಲ ಚೌಕಟ್ಟು ಹಿಡಿದು ನಿಂತು ನಗುತ್ತಿದ್ದರು. "ನಡಿ ಆಸ್ಪತ್ರೆಗೆ. ಔಷಧಿ ಶುರು ಮಾಡ್ಲಿ."

ಆಸ್ಪತ್ರೆಗೆ ಹೋಗಿ ನಾನು ಯಾವ ಔಷಧಿ ಕೇಳಲಿ? ಐವತ್ತು ಎಂದು ಯಾರು ಹೇಳಿದ್ದು ಎಂದು ಡಾಕ್ಟರ್ ಇವರ ಎದುರಿಗೇ ಕೇಳಿದರೆ? ಈಗ ಹೇಳಬೇಕು, ಇಲ್ಲದಿದ್ದರೆ ಆಗುವುದಿಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಇಳಿಯಲು ಕಾಲು ಕೆಳಗಿಟ್ಟರು. ಸ್ವೆಟರಿನೊಳಗೆ ಏನೋ ಕಳಚಿತು. ಕಂಡಕ್ಟರ್ ಕೆಲಸದ ಅವರ ಹಳೆಯ ಚರ್ಮದ ಚೀಲ ನೆಲಕ್ಕೆ ಬಿತ್ತು. ಅದರೊಳಗಿಂದ ಬಸ್ಸಿನ ಚಕ್ರಕ್ಕೆ ಹಾಕುವ ದಪ್ಪ ಕಬ್ಬಿಣದ ನಟ್ಟುಗಳು ದಡದಡ ಉರುಳಿ ಮಂಚದ ಕೆಳಗೆಲ್ಲ ಹೋದವು.

ನನಗೆ ಮೊದಲು ಆದದ್ದು ದುಃಖವಲ್ಲ, ಸಿಟ್ಟೂ ಅಲ್ಲ. ಸಮಾಧಾನವಾಯಿತು. ಅಬ್ಬ, ಬದುಕಿಕೊಂಡೆ ಎನ್ನಿಸಿತು. ಐವತ್ತಾಗಿಲ್ಲ, ಆಸ್ಪತ್ರೆಗೆ ಹೋಗಬೇಕಾಗಿಲ್ಲ, ನನ್ನ ಸುಳ್ಳು ಹೊರಗೆ ಬರಬೇಕಾಗಿಲ್ಲ. ಇದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆ ಸಮಾಧಾನವನ್ನು ಮುಚ್ಚಿಕೊಳ್ಳಲು ಕೂಗಾಡಿದೆ. "ಮೋಸ ಮಾಡ್ತೀರಾ? ನಾನ್ ಬೆಳಿಗ್ಗೆ ಎದ್ದು ಬೇಯ್ಸಿ ಸಾಯ್ತೀನಿ, ನೀವು ನಂಗೇ ಸುಳ್ಳು ಹೇಳ್ತೀರಾ? ನಾಚ್ಕೆ ಆಗಲ್ವ ನಿಮ್ಗೆ?" ಹೀಗೆಂದವಳು ನಾನು.

"ತಪ್ಪಾಯ್ತು ಕಣೆ" ಎಂದರು. ಮೊಣಕಾಲೂರಿ ಕುಳಿತು ಮಂಚದ ಕೆಳಗೆ ಕೈ ಹಾಕಿ ನಟ್ಟುಗಳನ್ನು ಒಂದೊಂದೇ ಆಯ್ದುಕೊಂಡರು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾ ನಿಂತೆ. ಆಮೇಲೆ ಚೀಲವಿಲ್ಲದೆ ತೂಗಿದೆ. ನಲವತ್ತಾರು. ಅದನ್ನು ಕೆಂಪು ಪೆನ್ನಿನಲ್ಲಿ ಬರೆದೆ.

ಆ ವಾರ ಡ್ರೈವರ್ ಬಂದಾಗ ಬಾಗಿಲಲ್ಲೇ ತಡೆದು ಕೇಳಿದೆ. ನಟ್ಟು ಕೊಟ್ಟವರು ಅವರೇ. ಡಿಪೋದ ಗುಜರಿಯಿಂದ ವಾರವಾರ ತಂದುಕೊಟ್ಟಿದ್ದರು.

"ಯಾಕಂತ ನಾನೂ ಕೇಳಿದೆ ಅಕ್ಕಾರ" ಎಂದರು. "ಸೋಮವಾರ ಒಂದಿನರ ಅಕಿ ನಗಲಿ ಅಂದ. ಐವತ್ತಾದ್ರ ಔಷಧ ಕೊಡ್ತಾರ, ಔಷಧ ಕೊಟ್ರ ಅಕಿ ಮಕದಾಗಿನ ಚಿಂತಿ ಹೋಗ್ತೈತಿ ಅಂದ. ಹೌದ್ರಿ, ಡಾಕ್ಟರ್ ಖರೇನ ಐವತ್ತಂತ ಹೇಳ್ಯಾರೇನು?"

ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. "ಹಂಗಾದ್ರ ಇನ್ನ ಅಂವಗ ತಿನ್ನಸೂದು ಬಿಡ್ರಿ. ಫ್ಲಾಸ್ಕ್ ಕೊಡ್ರಿ, ಕಾಫಿ ತರ್ತೀನಿ" ಎಂದರು. ಹೋಗುವಾಗ ತಿರುಗಿ, "ಐವತ್ತರದ್ದು ನೀವ ಹೇಳ್ರಿ ಅಕ್ಕಾರ. ನಾ ಹೇಳಂಗಿಲ್ಲ" ಎಂದರು.

ಅವತ್ತೇ ಚಾರ್ಟು ಹರಿದೆ. ಡಾಕ್ಟರ್ ಹೇಳಿದ ಹಾಗೆ ಮಾಡತೊಡಗಿದೆ. ಬೆಳಿಗ್ಗೆ ಏನು ಬೇಕು ಎಂದು ಕೇಳುವುದು, ಬೇಡ ಎಂದರೆ ಸುಮ್ಮನಾಗುವುದು. ಕೇಳಿ ಸುಮ್ಮನಾಗುವುದು ನನಗೆ ರೂಢಿಯಿರಲಿಲ್ಲ, ಕಲಿಯಬೇಕಾಯಿತು. ಒಂದು ದಿನ ಉಪ್ಸಾರಿನ ತಿಳಿ ಎರಡು ಚಮಚ ಕುಡಿದರು. ಒಂದು ದಿನ ನಿಪ್ಪಟ್ಟಿನ ಚೂರೊಂದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ಖಾರ ಚೀಪಿ ಉಗಿದರು. ವಾಂತಿ ಕಡಿಮೆಯಾಯಿತು. ಡಾಕ್ಟರ್ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲತೊಡಗಿ ನೋವೂ ತಗ್ಗಿತು. ಡ್ರೈವರ್ ಈಗ ಡ್ಯೂಟಿ ಮುಗಿಸಿ ದಿನವೂ ಬರುತ್ತಿದ್ದರು. ಯಜಮಾನರು ತಮ್ಮ ಪಾಲಿನ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿ ಆರುವವರೆಗೆ ಮೂಸುತ್ತಿದ್ದರು, ತುಟಿಗೆ ಒಂದು ಸಲ ತಾಗಿಸುತ್ತಿದ್ದರು. ಮಿಕ್ಕದ್ದನ್ನು ಡ್ರೈವರ್ ಕುಡಿದು ಮುಗಿಸುತ್ತಿದ್ದರು. ಕೆಂಗೇರಿಯಿಂದ ಮಾರ್ಕೆಟ್ಟಿನವರೆಗಿನ ಸ್ಟಾಪುಗಳನ್ನು ಒಂದೊಂದಾಗಿ ಹೇಳಿಕೊಂಡು, ಯಾವ ಸ್ಟಾಪಿನಲ್ಲಿ ಯಾರ ಜೊತೆ ಚಿಲ್ಲರೆಗೆ ಜಗಳವಾಗಿತ್ತು ಎಂದು ನೆನೆದು ಇಬ್ಬರೂ ನಗುತ್ತಿದ್ದರು. ಆ ನಗುವನ್ನು ನಾನು ವಾರಗಟ್ಟಲೆ ಅವರ ಬಾಯಿಂದ ಕಿತ್ತುಕೊಂಡು ಅದರ ಜಾಗಕ್ಕೆ ರಾಗಿ ಮಾಲ್ಟು ತುರುಕಿದ್ದೆ.

ಐವತ್ತರ ಮಾತನ್ನು ನಾಳೆ ಹೇಳಿದರಾಯಿತು ಎಂದು ಮುಂದೂಡುತ್ತಾ ಬಂದೆ. ನಗುತ್ತಿರುವವರ ಎದುರಿಗೆ ಯಾಕೆ ಎಂಬ ನೆಪ ಇತ್ತು. ಡ್ರೈವರ್ ಹೋಗುವಾಗ ನನ್ನ ಮುಖ ನೋಡುತ್ತಿದ್ದರು, ನಾನು ಲೋಟ ತೊಳೆಯಲು ಒಳಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಯಜಮಾನರಿಗೆ ದಿಂಬು ಒತ್ತು ಕೊಟ್ಟು ಕೂರಿಸುತ್ತಿದ್ದೆ. ಮೈಯಲ್ಲಿ ಏನೂ ಉಳಿದಿರಲಿಲ್ಲ, ಒಂದೇ ಕೈಯಲ್ಲಿ ಎತ್ತಿದೆ. ನನ್ನ ಸೆರಗಿನ ತುದಿ ಹಿಡಿದುಕೊಂಡರು.

"ಐವತ್ತು ಮುಟ್ಟಕ್ಕಾಗ್ಲಿಲ್ಲ ಕಣೆ" ಎಂದರು. "ಮುಟ್ಟಿದ್ದಿದ್ರೆ ಔಷಧಿ ಕೊಡೋರು. ನೀನ್ ಅಷ್ಟು ಕಷ್ಟಪಟ್ಟು ಮಾಡ್ಹಾಕಿದೆ. ನನ್ ಕೈಲೇ ಆಗ್ಲಿಲ್ಲ. ಬೇಜಾರ್ ಮಾಡ್ಕೋಬೇಡ."

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಮನೆಯಲ್ಲಿ ಇನ್ಯಾರೂ ಇರಲಿಲ್ಲ, ಅವರಿಗೆ ಪೂರ್ತಿ ಎಚ್ಚರವಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಟದ್ದು ಬೇರೆ. ಊಟ ಚೆಲ್ಲಿಕೊಂಡು ಹೆದರಿ ನಿಂತ ಮಕ್ಕಳ ತಲೆ ಸವರುವ ಹಾಗೆ ಅವರ ತಲೆ ಸವರಿದೆ.

"ಹೋಗ್ಲಿ ಬಿಡಿ. ನಂಗೇನ್ ಬೇಜಾರಿಲ್ಲ. ನಿಮ್ ಕೈಲಾದಷ್ಟು ಮಾಡಿದ್ರಲ್ಲ" ಎಂದೆ.

ಅವರ ಮುಖ ಹಗುರಾಯಿತು. ಸೆರಗು ಬಿಟ್ಟರು. ಆ ವಾರ ಕಳೆಯುವುದರೊಳಗೆ ಹೋದರು. ಮಾಡದ ತಪ್ಪಿಗೆ ಅವರು ನನ್ನ ಕ್ಷಮೆ ಕೇಳಿದ್ದರು, ನಾನು ಕ್ಷಮಿಸಿ ಕಳಿಸಿದೆ.