ಪೆಡಲಿಲ್ಲದ ಗಾಡಿ

ನಮ್ಮ ಓಣಿಯ ಮಿಸ್ತ್ರಿ ಕಾಕಾ ಅವರ ಮುಖದ ಮೇಲೆ ಹುಬ್ಬುಗಳಿರಲಿಲ್ಲ. ವೆಲ್ಡಿಂಗಿನ ಉರಿಗೆ ಎಷ್ಟೋ ಸಲ ಸುಟ್ಟು, ಚಿಗುರಿ, ಮತ್ತೆ ಸುಟ್ಟು, ಕಡೆಗೆ ಬೆಳೆಯುವುದನ್ನೇ ಬಿಟ್ಟಿದ್ದವು. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಯಾವುದು, ನಗು ಯಾವುದು ತಿಳಿಯುವುದು ಕಷ್ಟ. ಬಹಳ ವರ್ಷ ನಾನು ಅವರನ್ನು ಸಿಡುಕಿನ ಮನುಷ್ಯ ಎಂದೇ ತಿಳಿದಿದ್ದೆ.

ಬನಹಟ್ಟಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ತಗಡಿನ ಶೆಡ್ಡು. ಕಬ್ಬು ಸಾಗಿಸುವ ಟ್ರಾಲಿಗಳನ್ನು ಕಟ್ಟುವುದು, ಮುರಿದದ್ದನ್ನು ಕೂಡಿಸುವುದು ಅವರ ಕೆಲಸ. ನಾನು ಜಮಖಂಡಿ ದಾರಿಯ ಒಂದು ಹಳ್ಳಿಯ ಸಾಲೆಯಲ್ಲಿ ಶಿಕ್ಷಕಿ. ಮದುವೆಯಾಗಿರಲಿಲ್ಲ, ಅವ್ವ ಮತ್ತು ತಮ್ಮನ ಸಂಸಾರದ ಜೊತೆಗಿದ್ದೆ. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದರೆ ಸಂಜೆಗೆ ಬರುತ್ತಿದ್ದೆ. ಹೋಗುವಾಗ ಬರುವಾಗ ಕಾಕಾ ಕೈಯೆತ್ತಿ "ಅಕ್ಕೋರ" ಅನ್ನುತ್ತಿದ್ದರು. ಇಷ್ಟೇ ನಮ್ಮ ಬಳಕೆ.

ಕಬ್ಬಿನ ಹಂಗಾಮಿನ ಒಂದು ಸಂಜೆ ಏರಿನಲ್ಲಿ ನನ್ನ ಮುಂದಿದ್ದ ಟ್ರ್ಯಾಕ್ಟರಿನಿಂದ ಟ್ರಾಲಿ ಕಳಚಿಕೊಂಡಿತು. ತುಂಬಿದ ಕಬ್ಬಿನ ಭಾರಕ್ಕೆ ಹಿಂದಕ್ಕೆ ಉರುಳಿ ಬಂತು. ಪಕ್ಕಕ್ಕೆ ಸರಿಯಲು ನನಗೆ ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಮಿರಜಿನ ಆಸ್ಪತ್ರೆಯಿಂದ ಮೂರು ತಿಂಗಳ ಮೇಲೆ ಮನೆಗೆ ಬಂದಾಗ ಸೊಂಟದಿಂದ ಕೆಳಗೆ ನನಗೆ ಏನೂ ತಿಳಿಯುತ್ತಿರಲಿಲ್ಲ.

ಬೀದಿಯ ಕಡೆಗಿದ್ದ ಕೋಣೆಯನ್ನು ನನಗೆ ಕೊಟ್ಟರು. ಪಕ್ಕದ ಗೋಡೆಯಾಚೆ ತಮ್ಮನ ನಾಲ್ಕು ಮಗ್ಗಗಳು. ಕರೆಂಟ್ ಇರುವಷ್ಟು ಹೊತ್ತೂ ಗೋಡೆ ನಡುಗುತ್ತಿತ್ತು. ಆ ನಡುಕಕ್ಕೆ ಗೋಡೆಗೂಡಿನಲ್ಲಿಟ್ಟ ಸ್ಟೀಲಿನ ಲೋಟ ಕೂದಲೆಳೆಯಷ್ಟೇ ಸರಿಯುತ್ತಾ ಅಂಚಿಗೆ ಬರುತ್ತಿತ್ತು. ನಾನು ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಎದ್ದು ಹಿಂದಕ್ಕೆ ಸರಿಸಲು ಆಗುತ್ತಿರಲಿಲ್ಲ. ಕೂಗಿದರೆ ಮಗ್ಗದ ಸಪ್ಪಳದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ಮನೆಯವರು ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. "ಏನ ಬೇಕ ಹೇಳಕ್ಕಾ, ಇಲ್ಲೇ ತಂದ ಕೊಡ್ತೀನಿ," ಅನ್ನುತ್ತಿದ್ದ ತಮ್ಮ. ಪೇಟೆಗೆ ಹೋಗಿ ಬರೋಣವೆಂದರೆ ಅವ್ವನ ಕಣ್ಣಲ್ಲಿ ನೀರು. "ಒಮ್ಮಿ ಹೋದದ್ದ ಸಾಕವ್ವ," ಅನ್ನುತ್ತಿದ್ದಳು. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ಹೀಗೆ ಎರಡು ವರ್ಷ ಕಿಟಕಿಯ ಸರಳುಗಳ ಹಿಂದೆ ಕಳೆದವು.

ಆ ಎರಡನೆಯ ವರ್ಷವೇ ಕಾಕಾ ಮುಧೋಳದ ಗುಜರಿಯಿಂದ ಒಂದು ಹಳೇ ಪಿಕಪ್ ಗಾಡಿಯನ್ನು ಎಳೆಸಿಕೊಂಡು ಬಂದರು. ಮುಂದೆ ಜೀಪಿನ ಮೋರೆ, ಹಿಂದೆ ತೆರೆದ ಡಬ್ಬ. ಒಂದು ಕಾಲಕ್ಕೆ ನಮ್ಮೂರಿಗೆ ನೂಲಿನ ಗಂಟು ತರುತ್ತಿದ್ದದ್ದು ಅಂಥದೇ ಗಾಡಿ. ಈಗ ತುಕ್ಕು ತಿಂದು ಬುಡವೇ ಇರಲಿಲ್ಲ. ಸಾವಳಗಿ ಕಡೆಯ ಯಾರೋ ಗೌಡರಿಗೆ ಶೋಕಿಯ ಗಾಡಿ ಕಟ್ಟುತ್ತಿದ್ದಾರೆ ಎಂದು ಓಣಿಯಲ್ಲಿ ಮಾತಾಯಿತು. ಕಾಕಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎಷ್ಟು ದಿನ ಹಿಡಿಯುತ್ತದೆಂದು ಕೇಳಿದವರಿಗೆ "ಆದಾಗ ಆತು," ಅನ್ನುತ್ತಿದ್ದರು.

ಅವರು ಕಾಗದದ ಮೇಲೆ ನಕಾಶೆ ಬರೆಯುವವರಲ್ಲ. ಶೆಡ್ಡಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಇಡೀ ಗಾಡಿಯನ್ನು ಇದ್ದಷ್ಟೇ ಗಾತ್ರಕ್ಕೆ ಬರೆದರು. ಚಹಾ ತರುವ ಅವರ ಹೆಂಡತಿ ಕಾಕು ಅದರ ಮೇಲೆ ಕಾಲಿಟ್ಟರೆ "ಬಾಗಲಾ ತುಳದಿ ನೋಡ!" ಎಂದು ಕೂಗುತ್ತಿದ್ದರು. ಕೊಲ್ಹಾಪುರಕ್ಕೆ ಹೋಗಿ, ನುಜ್ಜಾದ ದೊಡ್ಡ ಕಾರೊಂದರ ಎಂಜಿನ್ನನ್ನು, ಗೇರು ತಾನೇ ಬದಲಾಗುವ ಡಬ್ಬಿಯ ಸಮೇತ ತಂದರು. ಅದು ಕೂರಲೆಂದು ಚಾಸಿಯನ್ನು ಕೊಯ್ದು ಅಗಲ ಮಾಡಿದರು. ಬಡಗಿಯಂತೆ ಒಂದು ಕಣ್ಣು ಮುಚ್ಚಿ ತಗಡಿನ ಬಾಗನ್ನು ನೋಡುವುದು, ಬೆರಳ ಗಂಟಿನಿಂದ ಬಡಿದು ಕಿವಿಗೊಡುವುದು, ಸರಿಯಿಲ್ಲದಿದ್ದರೆ ಕಿತ್ತು ಮತ್ತೆ ಮಾಡುವುದು. ನನಗೆ ಆ ಶೆಡ್ಡೇ ದಿನದ ನೋಟವಾಯಿತು. ಬಾನೆಟ್ಟಿನ ಬಾಗು ಕೂಡಿದ ದಿನ ನಾನು ಒಬ್ಬಳೇ ಕುಳಿತು ಚಪ್ಪಾಳೆ ತಟ್ಟಿದ್ದೂ ಉಂಟು.

ಒಂದು ಮಧ್ಯಾಹ್ನ ಕಾಕಾ ನನ್ನ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ಟೇಪು, ಜೋಳದ ಚೀಲ ತೂಗುವ ಸ್ಪ್ರಿಂಗಿನ ಕಾಟಾ.

"ಅಕ್ಕೋರ, ಸ್ವಲ್ಪ ಅಳತಿ ತಗೋಬೇಕಾಗಿತ್ರಿ. ಇದನ್ನ ಜಗ್ಗ್ರಿ. ಕೈಯಾಗ ಎಷ್ಟ ಬಲಾ ಐತಿ ನೋಡೂಣು."

ನನಗೆ ಅವಮಾನವಾಯಿತು. "ನಾ ಏನ್ ಎತ್ತೇನ್ರಿ ಕಾಕಾ?"

"ಎತ್ತಲ್ರಿ. ಡ್ರೈವರ್."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅದು ನಾನು ನಡೆಸಲೆಂದು ಕಟ್ಟುತ್ತಿದ್ದ, ಪೆಡಲ್ ಇಲ್ಲದ ಗಾಡಿ. ಸ್ಟೇರಿಂಗಿನ ಪಕ್ಕ ಒಂದೇ ಹಿಡಿಕೆ. ಮುಂದಕ್ಕೆ ನೂಕಿದರೆ ಬ್ರೇಕು, ತನ್ನ ಕಡೆಗೆ ಜಗ್ಗಿದರೆ ಓಟ. ಬಾಗಿಲ ಕೆಳಗೊಂದು ಹಲಗೆ, ಗಾಲಿಕುರ್ಚಿಯ ಸಮೇತ ನನ್ನನ್ನು ಸೀಟಿನ ಎತ್ತರಕ್ಕೆ ಎತ್ತುವಂಥದು. ಟ್ರಾಲಿ ಮಗುಚುವ ಜಾಕನ್ನೇ ಅದಕ್ಕೆ ಕೂಡಿಸುವುದೆಂದು ಹೇಳಿದರು.

"ನನಗ್ಯಾಕ ಮಾಡಾಕತ್ತೀರಿ ಇದನ್ನ?" ಎಂದು ಕೇಳಿದೆ.

ಕಾಕಾ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕುಳಿತರು. ಟೇಪನ್ನು ಎಳೆದು, ಬಿಟ್ಟು, ಎಳೆದು, ಬಿಟ್ಟು ಮಾಡಿದರು.

"ಆ ಟ್ರಾಲಿ ಹುಕ್ಕ ನಾನ ವೆಲ್ಡಿಂಗ್ ಹೊಡದಿದ್ದೆ, ಅಕ್ಕೋರ. ಹಳೇದು ಸೀಳಿತ್ತು. ಹೊಸಾದ ಹಚ್ಚ್ರಿ ಅಂತ ಹೇಳಬೇಕಿತ್ತು. ಕಬ್ಬ ತುಂಬಿ ನಿಂತೈತಿ, ಲಗೂ ಮಾಡ್ರಿ ಅಂದ್ರು. ಹೊಡದಕೊಟ್ಟೆ. ಪಂಚನಾಮಾದಾಗ ಹುಕ್ಕ ಮುರದು ಅಂತ ಬರದಾರ. ಯಾರ ಹಚ್ಚಿದ್ದು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ." ಟೇಪನ್ನು ನೆಲಕ್ಕಿಟ್ಟು ಅಂದರು: "ಎರಡ ವರ್ಸ ಆತು, ನಿಮ್ಮ ಕಿಡಕಿ ಎದುರಿಗೇ ಕುಂತೇನಿ. ಎಲ್ಲಿ ಹೋಗ್ಲಿ ಹೇಳ್ರಿ?"

ನಾನು ಕಾಟಾವನ್ನು ಅವರ ಕಡೆಗೆ ಒಗೆದೆ. ಅದು ಗೋಡೆಗೆ ಬಡಿದು ಬಿತ್ತು. ಅವರು ಅದನ್ನು ಎತ್ತಿಕೊಂಡು ಹೋದರು. ಅವ್ವನನ್ನು ಕರೆದು ಕಿಟಕಿ ಮುಚ್ಚಿಸಿದೆ. ಕಾರಣ ಹೇಳಲಿಲ್ಲ.

ಮುಚ್ಚಿದ ಕಿಟಕಿಯ ಹಿಂದೆ ಮೂರು ವಾರ. ಮೊದಮೊದಲು ಸುತ್ತಿಗೆಯ ಸಪ್ಪಳ ಕೇಳಿದರೆ ಹಲ್ಲು ಕಚ್ಚುತ್ತಿದ್ದೆ. ಆಮೇಲೆ ಸಪ್ಪಳವೇ ನಿಂತಿತು. ಅದು ನಿಂತ ಮೇಲೆ ಕೋಣೆ ಇನ್ನೂ ಸಣ್ಣದಾಯಿತು.

ಅಂಥ ಒಂದು ದಿನ ತಮ್ಮ ಒಂದು ಅರ್ಜಿ ತಂದ. ನೌಕರಿ ಮಾಡಲು ಶಕ್ತಳಲ್ಲ, ನಿವೃತ್ತಿ ಕೊಡಬೇಕು ಎಂದು ನನ್ನ ಹೆಸರಿನಲ್ಲಿ ಬರೆಸಿದ್ದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪೆನ್ನು ಕೈಗೆ ಕೊಟ್ಟು, "ಇನ್ನ ಆರಾಮ ಇರಕ್ಕಾ," ಅಂದ. ನಾನು ಪೆನ್ನನ್ನು ಹಿಡಿದುಕೊಂಡೇ, "ಕಿಡಕಿ ತಗಿ," ಅಂದೆ.

ಎದುರಿಗೆ ಬಾಗಿಲಿಲ್ಲದ ಗಾಡಿಯ ಮೇಲೆ ತಾಡಪಾಲು. ಅದರ ನೆರಳಲ್ಲಿ ಕಾಕಾ ಸುಮ್ಮನೆ ಕುಳಿತಿದ್ದರು. ನನ್ನೊಳಗಿನ ಸಿಟ್ಟು ಹೋಗಿರಲಿಲ್ಲ. ಆ ಸಿಟ್ಟಿನಲ್ಲೇ ಕೂಗಿದೆ:

"ಕಾಕಾ! ಅದನ್ನ ಅರ್ಧಕ್ಕ ಬಿಟ್ಟು ನನ್ನ ಇಲ್ಲೇ ಕೂಡಸ್ತೀರೇನು?"

ಅವರು ಎದ್ದು ಕಿಟಕಿಯ ಹತ್ತಿರ ಬಂದರು. "ನನ್ನ ಕೈ ಮ್ಯಾಲ ನನಗ ನಂಬಿಕಿ ಉಳದಿಲ್ರಿ ಅಕ್ಕೋರ. ನೀವು ಕೂಡೂ ಗಾಡಿ ಅದು."

"ಹಂಗಾದ್ರ ಮೊದಲ ನೀವ ಕುಂತ ನೋಡ್ರಿ. ಆಮ್ಯಾಲ ನಾ ಕೂಡ್ತೀನಿ."

ತಮ್ಮನಿಗೆ ಅರ್ಜಿಯನ್ನು ಹಾಗೇ ತಿರುಗಿ ಕೊಟ್ಟೆ.

ಕಾಕಾ ನನ್ನ ಮಾತಿನಂತೆಯೇ ನಡೆದರು. ಒಂದೊಂದು ಬೆಸುಗೆಯನ್ನೂ ಜಮಖಂಡಿಯ ಇನ್ನೊಬ್ಬ ಮಿಸ್ತ್ರಿಯನ್ನು ಕರೆಸಿ ತೋರಿಸಿದರು. ನಲವತ್ತು ವರ್ಷ ಯಾರಿಗೂ ತಮ್ಮ ಕೆಲಸ ತೋರಿಸಿ ಒಪ್ಪಿಗೆ ಕೇಳಿದವರಲ್ಲ. ಎತ್ತುವ ಹಲಗೆ ಮುಗಿದ ದಿನ ನನ್ನ ಗಾಲಿಕುರ್ಚಿಯನ್ನು ಇಸಿದುಕೊಂಡು, ತೊಡೆಯ ಮೇಲೆ ಸಿಮೆಂಟಿನ ಚೀಲ ಇಟ್ಟುಕೊಂಡು, ಮಧ್ಯಾಹ್ನವೆಲ್ಲ ತಾವೇ ಮೇಲೆ ಹೋದರು, ಕೆಳಗೆ ಬಂದರು. ಓಣಿ ನೆರೆದು ನಕ್ಕಿತು. "ಕಾಕಾಗ ತೊಟ್ಟಲಾ ಸಿಕ್ಕೈತಿ!" ಅಂದರು. ಅವರು ನಗಲಿಲ್ಲ, ಎಣಿಸುತ್ತಿದ್ದರು.

ಇಂಥ ಗಾಡಿಗೆ ಅನುಮತಿ ಪಡೆಯಲು ಆರ್‌ಟಿಓ ಕಚೇರಿಗೆ ನಾವಿಬ್ಬರೂ ಹೋದದ್ದು ಎಷ್ಟು ಸಲವೋ. ಕಡೆಗೆ ಒಬ್ಬ ಅಧಿಕಾರಿ ಕಾಗದಗಳನ್ನು ಪಕ್ಕಕ್ಕಿಟ್ಟು, "ನಡಸಿ ತೋರಸ್ರಿ," ಅಂದರು. ಮೈದಾನದಲ್ಲಿ ಮೂರು ಸುತ್ತು ಹಾಕಿ ನಿಲ್ಲಿಸಿದಾಗ ನನ್ನ ಕೈಗಳು ಹಿಡಿಕೆಯನ್ನು ಬಿಡಲೊಲ್ಲವು. ಅವ್ವ ಒಂದು ದಿನವಿಡೀ ಉಣ್ಣಲಿಲ್ಲ. ಆದರೂ ನಾನು ಸಾಲೆಗೆ ಹೋದೆ. ಮೆಟ್ಟಿಲು ಹತ್ತಲಾರೆನೆಂದು ನನ್ನ ತರಗತಿಯನ್ನು ಕಟ್ಟೆಯ ಕೆಳಗೆ, ಬೇವಿನ ನೆರಳಿಗೆ ತಂದರು. ಈಗಲೂ ಅಲ್ಲೇ ಪಾಠ.

ಪೂರ್ತಿ ಬಿಡುಗಡೆಯಾಯಿತೆಂದು ಹೇಳಿದರೆ ಸುಳ್ಳಾದೀತು. ಗಾಡಿ ಹೋದಲ್ಲಿಗೆ ನಾನು ಹೋಗುತ್ತೇನೆ, ಅಷ್ಟೇ. ಕಾಕಾ ಕೂಡ ಆಮೇಲೆ ಒಂದೂ ಟ್ರಾಲಿ ಕಟ್ಟಲಿಲ್ಲ. ಕಿಟಕಿ ಬಾಗಿಲುಗಳ ಗ್ರಿಲ್ಲು ಮಾಡಿಕೊಂಡಿದ್ದರು. ದಿನಾ ಬೆಳಿಗ್ಗೆ ನಾನು ಹೊರಡುವ ಮುನ್ನ ಗಾಡಿಯ ಕೆಳಗೆ ಮಲಗಿ ಒಂದೊಂದು ಬೆಸುಗೆಯನ್ನೂ ಬಡಿದು ನೋಡಿ, "ಹೋಗಿ ಬರ್ರಿ," ಅನ್ನುತ್ತಿದ್ದರು. ಕ್ಷಮಿಸಿದ್ದೇನೆ ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಕಳೆದ ವರ್ಷ ಒಂದು ಮುಂಜಾನೆ, ಎದೆ ಹಿಡಿದಂತಾಗುತ್ತದೆ ಎಂದವರು ಚಹಾ ಬರುವಷ್ಟರಲ್ಲಿ ಹೋಗಿಬಿಟ್ಟರು. ಮಣ್ಣಿಗೆ ಒಯ್ಯಲು ಅವರ ಅಣ್ಣ ಟ್ರ್ಯಾಕ್ಟರ್ ಟ್ರಾಲಿಗೆ ಹೇಳಿ ಕಳಿಸಿದ್ದರು. ಕಾಕು ತಲೆಯೆತ್ತಿ, "ಟ್ರಾಲಿ ಬ್ಯಾಡ. ಅಕ್ಕೋರ ಗಾಡಿ ತರಸ್ರಿ," ಅಂದರು.

"ಹೆಣ್ಣಮಗಳು ಮಣ್ಣಿಗೆ ಹೆಂಗ ಬರ್ತಾಳಬೇ?" ಎಂದು ಅಣ್ಣ ಕೇಳಿದರು.

"ಅದನ್ನ ನಡಸಾಕ ಆಕೀಗಷ್ಟ ಬರತೈತಿ. ಮತ್ತ ನೀವ ನಡಸ್ತೀರೇನು?"

ಗಾಡಿ ತರಿಸಿದರು. ಹಿಂದಿನ ಡಬ್ಬದಲ್ಲಿ ಬಾಳೆಯ ಕಂಬ ಕಟ್ಟಿ, ಹೂವಿನ ನಡುವೆ ಕಾಕಾನನ್ನು ಕೂರಿಸಿದರು. ಭಜನೆಯವರು ಮುಂದೆ, ನಾನು ಹಿಂದೆ. ರಸ್ತೆಯ ತುಂಬ ತಗ್ಗು. ಒಂದೊಂದು ತಗ್ಗು ಬಂದಾಗಲೂ ಹಿಡಿಕೆಯನ್ನು ಮೆಲ್ಲಗೆ ನೂಕಿ, ಕುಲುಕದಂತೆ ಇಳಿಸಿ, ಮೆಲ್ಲಗೆ ಜಗ್ಗಿ ಏರಿಸುತ್ತಿದ್ದೆ. ಬಿಸಿಲೇರಿತ್ತು. ತಾಳ ಹಿಡಿದವರೊಬ್ಬರು ಹಿಂದೆ ಬಂದು ಕಿಟಕಿಯಲ್ಲಿ ಬಗ್ಗಿ, "ಅಕ್ಕೋರ, ಸ್ವಲ್ಪ ಜೋರ ಹೊಡೀರಿ, ಹೊತ್ತಾತು," ಅಂದರು.

ನಾನು ಜೋರು ಹೊಡೆಯಲಿಲ್ಲ.